ಮೂರು ಮಿನಾರು ಕಾಣುವ ಕೋಣೆ

"ನಾಲ್ಕೂ ಕಾಣುತ್ತವೆ ಮೇಡಂ, ಗ್ಯಾರಂಟಿ," ಎಂದರು ಫೋನಿನಲ್ಲಿ ಆ ಹೋಟೆಲಿನ ಮ್ಯಾನೇಜರು. ಅವರು ಹೇಳಿದ್ದು ತೆಲುಗಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಒಂದು ಬದಲಾವಣೆ ಆಗಿಹೋಯಿತು, ಮುಂದಿನವುಗಳನ್ನೂ ಅಷ್ಟರಮಟ್ಟಿಗೇ ನಂಬಬೇಕು.

"ನಾಲ್ಕು ಬೇಡ, ಮೂರು ಕಾಣಬೇಕು," ಎಂದೆ.



"ಚಾರ್‌ಮಿನಾರ್ ಅಂದರೇನೇ ನಾಲ್ಕಲ್ಲವೇ ಮೇಡಂ? ಮೂರು ಕಂಡರೆ ರೇಟು ಕಡಿಮೆ ಅಂತ ಏನೂ ಇಲ್ಲ ನಮ್ಮಲ್ಲಿ."

ಗೋಡೆಯ ಆ ಬದಿಯಿಂದ ದೊಡ್ಡಮ್ಮ ಕೂಗಿದಳು: "ಏನಂತಾನ?"

"ನಾಕು ಕಾಣ್ತಾವ ಅಂತಾನ."

"ಹಂಗಾರ ಅದಲ್ಲ. ಇಡು ಫೋನು."

ಆದೋನಿಯಲ್ಲಿ ನಾವಿಬ್ಬರೂ ಒಂದೇ ಮನೆಯ ಎರಡು ಭಾಗಗಳಲ್ಲಿದ್ದೇವೆ. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಪ್ಪ ಇಲ್ಲ, ಅಮ್ಮ ಇಲ್ಲ, ದೊಡ್ಡಪ್ಪನೂ ಇಲ್ಲ. ರಾಯಚೂರಿನಲ್ಲಿ ನನ್ನ ಸಂಸಾರ ಮುಗಿದ ಮೇಲೆ ನಾನು ಈ ಬದಿಯ ಕೋಣೆಗಳಿಗೆ ಬಂದು ಸೇರಿದೆ. ನಡುವೆ ಒಂದು ಗೋಡೆ, ಗೋಡೆಗೊಂದು ಸಣ್ಣ ಬಾಗಿಲು. ದೊಡ್ಡಮ್ಮನದು ಕಟ್ಟುನಿಟ್ಟಾದ ಮಡಿ. ಸ್ನಾನ ಮಾಡಿ, ಹಿಂದಿನ ದಿನ ಯಾರೂ ಮುಟ್ಟದಂತೆ ಎತ್ತರದಲ್ಲಿ ಒಣಗಿಸಿದ ಸೀರೆ ಉಟ್ಟು, ಆಮೇಲೆ ಒಲೆ ಹಚ್ಚುತ್ತಾಳೆ. ಆ ಬಾಗಿಲಿನಿಂದ ಹುಳಿ, ಚಟ್ನಿಪುಡಿ, ಕೆಲವೊಮ್ಮೆ ಬರೀ ಬೈಗುಳ ನನ್ನ ಕಡೆಗೆ ಬರುತ್ತವೆ. ನನ್ನ ಕಡೆಯಿಂದ ಏನೂ ಅತ್ತ ಹೋಗುವಂತಿಲ್ಲ. ಹೀಗೆ ಒಂದೇ ಸೂರಿನ ಕೆಳಗೆ ಒಬ್ಬೊಬ್ಬರಿಗೆ ಸಾಕಾಗುವಷ್ಟು ಎರಡು ಅಡುಗೆಗಳು ದಿನವೂ ಬೇಯುತ್ತವೆ.

ಇದನ್ನೆಲ್ಲ ಮೊದಲೇ ಹೇಳಿದ್ದು ಯಾಕೆಂದರೆ ಮಡಿಯ ವಿಷಯ ಗೊತ್ತಿಲ್ಲದೆ ಹೋದರೆ ಹೈದರಾಬಾದಿನ ಆ ಕೋಣೆಯಲ್ಲಿ ಏನಾಯಿತೆಂದು ತಿಳಿಯುವುದಿಲ್ಲ.

ದೊಡ್ಡಪ್ಪ ಹೈದರಾಬಾದಿನ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕೆಲಸ ಸಿಕ್ಕಾಗಿನಿಂದ ನಿವೃತ್ತಿಯವರೆಗೂ ಅಲ್ಲೇ. ದೊಡ್ಡಮ್ಮ ಇಲ್ಲೇ. ಅಜ್ಜಿಗೆ ಮಡಿಯಲ್ಲಿ ಅಡುಗೆ ಮಾಡಿ ಬಡಿಸಲು, ದೇವರ ಪೂಜೆಗೆ ಅಣಿ ಮಾಡಲು ಒಬ್ಬ ಸೊಸೆ ಮನೆಯಲ್ಲಿ ಇರಬೇಕಿತ್ತು. ಅಮ್ಮ ಶಾಲೆಗೆ ಕೆಲಸಕ್ಕೆ ಹೋಗುತ್ತಿದ್ದಳು, ಹಾಗಾಗಿ ಆ ಪಾಲು ದೊಡ್ಡಮ್ಮನದಾಯಿತು. ದೊಡ್ಡಪ್ಪ ತಿಂಗಳಿಗೊಮ್ಮೆ ಬರುತ್ತಿದ್ದರು. ಬಂದವರು ಕಡಿಮೆ ಮಾತಾಡುತ್ತಿದ್ದರು. ಚಾರ್‌ಮಿನಾರಿನ ಹತ್ತಿರ ಒಂದು ರೂಮು, ಸ್ವಯಂಪಾಕ ಮಾಡಿಕೊಳ್ಳುತ್ತೇನೆ, ಅಷ್ಟೇ. ಆ ರೂಮಿನ ವಿಳಾಸ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಕಾಗದ ಬರೆದರೆ ಕಚೇರಿಗೇ ಬರೆಯಬೇಕು.

ಅವರು ಬಂದ ದಿನ ದೊಡ್ಡಮ್ಮ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಅವರ ಚೀಲ ಬಿಚ್ಚಿ ಮಡಿ ಪಂಚೆಗಳನ್ನು ಹೊರಗೆ ತೆಗೆದು ಮೂಸುವುದು. ಅವು ಒಗೆದವೇ, ಮಡಿಸಿದವೇ. ಆದರೂ ಮೂಗು ಸಿಂಡರಿಸಿ ಎಲ್ಲವನ್ನೂ ಬಾವಿಕಟ್ಟೆಗೆ ಒಯ್ದು ಮತ್ತೆ ಒಗೆಯುತ್ತಿದ್ದಳು. ಈ ದೃಶ್ಯದ ಬಗ್ಗೆ ನನಗೆ ಅನುಮಾನವಿಲ್ಲ, ಏಕೆಂದರೆ ಇದರಲ್ಲಿ ಏನೂ ವಿಶೇಷವಿರಲಿಲ್ಲ. ನಾನು ಅಲಂಕಾರ ಮಾಡುವುದು ವಿಶೇಷವಾದ ನೆನಪುಗಳಿಗೆ ಮಾತ್ರ.

ಉದಾಹರಣೆಗೆ ಮಿನಾರಿನ ಮಾತು. ನನ್ನ ನೆನಪಿನಲ್ಲಿ ಅದು ಹೀಗಿದೆ: ಬೇಸಿಗೆ. ದೊಡ್ಡಪ್ಪ ಪಡಸಾಲೆಯಲ್ಲಿ ಕೂತು ಮಾವಿನಹಣ್ಣು ಹೆಚ್ಚುತ್ತಿದ್ದಾರೆ. ನಾನು ಸಣ್ಣವಳು. "ದೊಡ್ಡಪ್ಪ, ನಿಮ್ಮ ರೂಮಿನಿಂದ ಚಾರ್‌ಮಿನಾರ್ ಕಾಣ್ತದ?" "ಕಾಣ್ತದ." "ನಾಕೂ ಕಾಣ್ತಾವ?" "ಮೂರು. ಒಂದು ಕಾಣಂಗಿಲ್ಲ." "ಯಾಕ?" ಅವರು ನಕ್ಕು ಕೈತೊಳೆಯಲು ಎದ್ದುಹೋದರು.

ದೊಡ್ಡಮ್ಮನ ಪ್ರಕಾರ ಅದು ಬೇಸಿಗೆಯಲ್ಲ, ಚಳಿಗಾಲ. ಮಾವಿನಹಣ್ಣು ಇರಲಿಲ್ಲ. ಕೇಳಿದವಳು ನಾನಲ್ಲ, ನನ್ನ ಅಪ್ಪ. ದೊಡ್ಡಪ್ಪ ನಗಲೂ ಇಲ್ಲ. ಮೂರು ಎಂಬುದೊಂದೇ ನಮ್ಮಿಬ್ಬರಿಗೂ ಸಮ. ಅದನ್ನೂ ನಾನು ಅವಳ ಬಾಯಿಂದಲೇ ಕೇಳಿ, ಒಂದು ಮಾವಿನಹಣ್ಣು ಸೇರಿಸಿ ನನ್ನದು ಮಾಡಿಕೊಂಡಿರಬಹುದು.

ಊರಿನವರಿಗೆ ಬೇರೆ ಕತೆ ಇತ್ತು. ಎಮ್ಮಿಗನೂರಿನಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ದೂರದ ಸಂಬಂಧದ ಹೆಂಗಸೊಬ್ಬಳು ದೊಡ್ಡಮ್ಮನನ್ನು ಕೇಳಿದಳಂತೆ: "ನಿಮ್ಮ ಯಜಮಾನರು ಅಲ್ಲಿ ಸ್ವಯಂಪಾಕಾನ? ಇಷ್ಟು ವರ್ಷ ಗಂಡಸು ಒಬ್ಬನೇ ಅನ್ನಾ ಬೇಯಿಸಿಕೊಂಡು ಇರತಾನಂದ್ರ ನಂಬೋ ಮಾತೇನವಾ? ಹೈದ್ರಾಬಾದು ದೊಡ್ಡೂರು." ಸಾಲಿನಲ್ಲಿ ಕೂತವರು ನಕ್ಕರು. ದೊಡ್ಡಮ್ಮ ಎಲೆಯಲ್ಲಿದ್ದುದನ್ನು ಪೂರ್ತಿ ಉಂಡು ಎದ್ದಳು. ಅಂದಿನಿಂದ ದೊಡ್ಡಪ್ಪನಿಗೆ ಅಲ್ಲೊಂದು ಸಂಸಾರವಿದೆ ಎಂಬುದು ನಮ್ಮ ಬಳಗದಲ್ಲಿ ಯಾರೂ ಜೋರಾಗಿ ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ ಸಂಗತಿಯಾಯಿತು.

ಒಮ್ಮೆ ಅವರು ಎರಡು ತಿಂಗಳು ಬರಲೇ ಇಲ್ಲ. ಆಮೇಲೆ ಬಂದಾಗ ಅಂಗಿ ಹೆಗಲಿನಿಂದ ಜಾರುವಷ್ಟು ಸೊರಗಿದ್ದರು. ಕಾಮಾಲೆ ಆಗಿತ್ತು ಎಂದರು. ಯಾರು ನೋಡಿಕೊಂಡರು ಎಂದು ಅಜ್ಜಿ ಕೇಳಿದ್ದಕ್ಕೆ "ಹ್ಯಾಂಗೋ ಆತು" ಎಂದರು. ದೊಡ್ಡಮ್ಮ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಆ "ಹ್ಯಾಂಗೋ" ಎಂಬುದನ್ನು ಕೇಳಿಸಿಕೊಂಡಳು.

ನಿವೃತ್ತರಾಗಿ ಬಂದ ಮೇಲೆ ದೊಡ್ಡಪ್ಪ ಇದೇ ಮನೆಯಲ್ಲಿ ಹಲವು ವರ್ಷ ಬದುಕಿದ್ದರು. ಪೇಪರು ಓದುತ್ತಿದ್ದರು, ಸಂಜೆ ನಡೆದಾಡಿ ಬರುತ್ತಿದ್ದರು, ವರ್ಷಕ್ಕೊಮ್ಮೆ ಇಬ್ಬರೂ ಮಂತ್ರಾಲಯಕ್ಕೆ ಹೋಗಿಬರುತ್ತಿದ್ದರು.

"ಇದ್ದಾಗ ಯಾಕ ಕೇಳಲಿಲ್ಲ ನೀ?" ಎಂದು ನಾನು ಒಮ್ಮೆ ಕೇಳಿದ್ದೆ.

"ಕೇಳಿದ್ರ ಹೇಳಿಬಿಡ್ತಿದ್ರು," ಎಂದಳು.

ಇದೆಲ್ಲ ಹಾಗೇ ಉಳಿದುಬಿಡುತ್ತಿತ್ತೇನೋ. ಒಂದು ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಾಗ ನಾನು ನಡುಬಾಗಿಲಲ್ಲಿ ಕೂತು ಫೋನು ನೋಡುತ್ತಿದ್ದೆ. ಯಾವುದೋ ಹೋಟೆಲಿನ ಜಾಹೀರಾತು ಬಂತು. ಕಿಟಕಿ, ಬಿಳಿ ಹಾಸಿಗೆ, ಆಚೆ ಚಾರ್‌ಮಿನಾರು. ನಾನು ಸುಮ್ಮನೆ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಫೋನು ಮುಟ್ಟದೆ, ದೂರದಿಂದಲೇ ಬೆರಳು ಆಡಿಸಿ ಎಣಿಸಿದಳು.

"ಇದರಾಗ ನಾಕು ಅವ."

"ಹೂಂ."

"ಮೂರು ಕಾಣೋದು ಸಿಗ್ತದೇನು ನೋಡು."

ಏನು ಹುಡುಕುತ್ತಿದ್ದಾಳೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಂಥ ಕೋಣೆ ಇರಲು ಸಾಧ್ಯವಿದ್ದರೆ ದೊಡ್ಡಪ್ಪ ಹೇಳಿದ್ದು ನಿಜ. ರೂಮು ನಿಜ, ಸ್ವಯಂಪಾಕ ನಿಜ, ಅವರು ಒಬ್ಬರೇ ಇದ್ದದ್ದು ನಿಜ. ಎಲ್ಲಿಂದ ನೋಡಿದರೂ ನಾಲ್ಕೇ ಕಾಣುವುದಾದರೆ ಆ ರೂಮು ಬಾಯಿಗೆ ಬಂದಂತೆ ಹೇಳಿದ ರೂಮು, ಮತ್ತು ಎಮ್ಮಿಗನೂರಿನ ಹೆಂಗಸು ಹೇಳಿದ್ದು ಸರಿ. ಇದು ತರ್ಕವಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತೇನೋ. ಆದರೆ ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಮಿನಾರುಗಳು ಮಾತ್ರ ಇದ್ದಲ್ಲೇ ಇದ್ದವು.

"ಈಗ್ಯಾಕ?" ಎಂದೆ.

"ಮೊಣಕಾಲು ಇನ್ನೂ ಮೆಟ್ಟಲಾ ಹತ್ತತಾವ. ಬರೋ ವರ್ಷ ಹತ್ತತಾವೋ ಇಲ್ಲೋ ಯಾರಿಗ್ಗೊತ್ತು."

ಹಾಗೆ ಶುರುವಾಯಿತು ಹೋಟೆಲು ಹುಡುಕುವುದು. ಮೊದಲು ಫೋನು ಮಾಡಿದ ಹೋಟೆಲಿನದೇ ಈ ಬರಹದ ಆರಂಭದ ಮಾತುಕತೆ. ಆಮೇಲೆ ನಾನು ಫೋಟೊಗಳನ್ನು ನೋಡಲು ಕೂತೆ. ಬೇರೆಯವರು ಹಾಸಿಗೆ, ನೀರು, ಊಟ ನೋಡುತ್ತಾರೆ. ನಾನು ಹಾಸಿಗೆಯ ಆಚೆಗಿನ ಕಿಟಕಿಯನ್ನು ದೊಡ್ಡದು ಮಾಡಿ ಎಣಿಸುತ್ತಿದ್ದೆ. ಒಂದು ಫೋಟೊದಲ್ಲಿ ಹಗಲಿನ ಕೋಣೆಯ ಕಿಟಕಿಯಾಚೆ ಬೆಳದಿಂಗಳಿತ್ತು. ಇನ್ನೊಂದರಲ್ಲಿ ಚಾರ್‌ಮಿನಾರು ಎದುರುಗಡೆ ರಸ್ತೆಗೆ ಬಂದು ನಿಂತಂತೆ ಅಂಟಿಸಿದ್ದರು. ಮತ್ತೊಂದರ ಕೆಳಗೆ ಯಾರೋ ಬರೆದಿದ್ದರು: ಬಿಸಿನೀರು ಬರಲಿಲ್ಲ, ಮಿನಾರು ಬಂತು. ಅದನ್ನು ಓದಿ ಹೇಳಿದಾಗ ದೊಡ್ಡಮ್ಮ ನಕ್ಕಳು. ಅವಳು ನಕ್ಕಾಗ ನಾನು ಇನ್ನೂ ಹುಡುಕಿದೆ. ನಿಜ ಹೇಳಬೇಕೆಂದರೆ ಆ ದಿನಗಳು ಮುಗಿಯದಿರಲಿ ಎಂದು ನನಗಿತ್ತು. ಸಂಜೆಗಳಲ್ಲಿ ನಡುಬಾಗಿಲು ತೆರೆದೇ ಇರುತ್ತಿತ್ತು.

ಒಂದು ದಿನ ಅವಳೇ ಉಪಾಯ ಮಾಡಿದಳು. ನಾಲ್ಕು ಸ್ಟೀಲಿನ ಲೋಟ ತಂದು ನೆಲದ ಮೇಲೆ ಚೌಕವಾಗಿ ಬೋರಲು ಹಾಕಿದಳು. ನೆಲಕ್ಕೆ ಕೆನ್ನೆ ಹಚ್ಚುವಷ್ಟು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು. ನಾನೂ ಬಗ್ಗಿದೆ. ಮೂಲೆಯಿಂದ ನೇರವಾಗಿ ನೋಡಿದರೆ ಮುಂದಿನ ಲೋಟ ಹಿಂದಿನದನ್ನು ಮರೆಮಾಡುತ್ತಿತ್ತು.

"ಮೂರು!" ಎಂದಳು. "ಮೂಲಿಗೆ ಇರೋ ಹೋಟ್ಲು ನೋಡು."

ಅಷ್ಟರಲ್ಲಿ ಎದುರುಮನೆಯ ಹತ್ತಿ ವ್ಯಾಪಾರಿಯ ಹೆಂಡತಿ ಕರಿಬೇವು ಕೇಳಲು ಬಂದವರು ಬಾಗಿಲಲ್ಲೇ ನಿಂತರು.

"ಏನ್ರೀ ಇದು, ಇಬ್ರೂ ನೆಲಕ್ಕ ಬಿದ್ದೀರಿ? ಏನಾರ ಕಳಕೊಂಡೀರೇನು?"

"ಒಂದು ಮಿನಾರು ಕಳದದ," ಎಂದಳು ದೊಡ್ಡಮ್ಮ ಏಳದೆ. ನಾನು ಹೋಟೆಲು ಹುಡುಕುತ್ತಿರುವ ಕತೆ ಹೇಳಿದೆ.

"ಅಯ್ಯ ನಿಮ್ಮ! ನಮ್ಮ ಮನ್ಯಾಗ ಹೈದ್ರಾಬಾದಿಗೆ ಹೋದ್ರ ಕಾರು ನಿಲ್ಲಸಾಕ ಜಾಗ ಐತೋ ಇಲ್ಲೋ ಅಂತ ನೋಡ್ತಾರ. ನೀವು ಲೋಟ ಇಟ್ಟು ಹೋಟ್ಲು ನೋಡ್ತೀರಿ. ಬಳಿ ತರ್ರಿ ನನಗ, ಲಾಡ್ ಬಜಾರ ಅಲ್ಲೇ ಐತಿ."

ಲೋಟಗಳ ಲೆಕ್ಕವನ್ನು ಫೋನಿನ ನಕ್ಷೆಯ ಮೇಲೆ ಇಟ್ಟು ನೋಡಿದೆ. ಮೂಲೆಯ ನೇರಕ್ಕೆ ಸಿಕ್ಕಿದ್ದು ಮೊದಲ ದಿನ ಫೋನು ಇಟ್ಟುಬಿಟ್ಟಿದ್ದ ಹೋಟೆಲೇ. ಮತ್ತೆ ಮಾಡಿದೆ.

"ಮೂರು ಮಿನಾರು ಮೇಡಮ್ಮೇನಾ?" ಎಂದರು ಮ್ಯಾನೇಜರು. ಗುರುತು ಹಿಡಿದಿದ್ದರು. "ನಾಲ್ಕೇ ಕಾಣುವುದು, ಮೊದಲೇ ಹೇಳಿದ್ದೇನೆ. ಆಮೇಲೆ ಜಗಳ ಆಡಬಾರದು."

"ಅವನಿಗೇನು ಗೊತ್ತು," ಎಂದಳು ದೊಡ್ಡಮ್ಮ. "ದಿನಾ ನೋಡೋರು ಎಣಸ್ತಾರೇನು?"

ಬೆಳಗಿನ ಬಸ್ಸಿನಲ್ಲಿ ಹೊರಟೆವು. ಅವಳ ಚೀಲದಲ್ಲಿ ಅವಲಕ್ಕಿ, ಮೊಸರು, ತಂಬಿಗೆ, ಎರಡು ಸೀರೆ, ಒಂದು ನೈಲಾನ್ ಹಗ್ಗ. ಎಮ್ಮಿಗನೂರಿನಲ್ಲಿ ಬಸ್ಸು ನಿಂತಾಗ ಅವಳು ಕಿಟಕಿಯ ಕಡೆ ನೋಡದೆ ನನ್ನ ಕಡೆ ತಿರುಗಿ ಕೂತಳು, ಊರು ದಾಟಿದ ಮೇಲೆ ಮತ್ತೆ ಕಿಟಕಿಯ ಕಡೆಗೆ ತಿರುಗಿದಳು. ಕರ್ನೂಲಿನಿಂದಾಚೆ ನಿದ್ದೆ ಮಾಡಿದಳು. ದಾರಿಯುದ್ದಕ್ಕೂ ನಾವು ಬಹಳ ಮಾತಾಡಿದೆವು ಎಂದು ಎದುರುಮನೆಯವರಿಗೆ ಹೇಳಿದ್ದೇನೆ. ಆಡಿರಲಿಲ್ಲ.

ಹೋಟೆಲು ಮೂರು ಅಂತಸ್ತಿನದು. ಲಿಫ್ಟು ಇತ್ತು, ಕೆಟ್ಟಿತ್ತು; ಪ್ರತಿ ಮಹಡಿಯಲ್ಲೂ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಿದ್ದರು. ದೊಡ್ಡಮ್ಮ ಗೋಡೆ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು, ಹತ್ತಿದಳು. ಮ್ಯಾನೇಜರು ಐವತ್ತು ದಾಟಿದ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮನುಷ್ಯ. ತಾವೇ ಬಂದು ಬೀಗ ತೆಗೆದು, ಕಿಟಕಿಯ ಪರದೆಯನ್ನು ಒಂದೇ ಸಲಕ್ಕೆ ಎಳೆದರು.

"ಲೆಕ್ಕ ಮಾಡಿಕೊಳ್ಳಿ ಅಮ್ಮಾ."

ನಾಲ್ಕು. ಎದುರಿನ ಎರಡು ದಪ್ಪಗೆ, ಹಿಂದಿನ ಎರಡು ಅವುಗಳ ನಡುವೆ ಸ್ವಲ್ಪ ಸಣ್ಣದಾಗಿ. ಯಾವುದೂ ಯಾವುದನ್ನೂ ಮರೆಮಾಡಿರಲಿಲ್ಲ. ಲೋಟಗಳು ತಪ್ಪು ಹೇಳಿರಲಿಲ್ಲ. ನಕ್ಷೆಯಲ್ಲಿ ನೇರವಾಗಿದ್ದ ಓಣಿ ಇಲ್ಲಿ ತಿರುಗಿಕೊಂಡಿತ್ತು, ಅಷ್ಟೇ.

ದೊಡ್ಡಮ್ಮ ಕಿಟಕಿಯ ಎಡಕ್ಕೆ ಹೋಗಿ ನೋಡಿದಳು. ಬಲಕ್ಕೆ ಹೋಗಿ ನೋಡಿದಳು. ಬಗ್ಗಿ ನೋಡಿದಳು. ಬೇರೆ ರೂಮು ಇದೆಯೇ ಎಂದು ಕೇಳಿಸಿದಳು. ಮ್ಯಾನೇಜರು ಬೇಸರಿಸದೆ ಇನ್ನೊಂದು ಬೀಗ ತೆಗೆದರು. ಅಲ್ಲಿಂದ ಎರಡು ಮಿನಾರು ಮತ್ತು ಒಂದು ನೀರಿನ ಟ್ಯಾಂಕು ಕಾಣುತ್ತಿದ್ದವು.

"ನಾಲ್ಕು ಬೇಡವೆಂದರೆ ಒಂದು ಕಣ್ಣು ಮುಚ್ಚಿಕೊಳ್ಳಿ ಅಮ್ಮಾ," ಎಂದರು ಮ್ಯಾನೇಜರು, ನಗಿಸಲೆಂದು.

"ಕಣ್ಣು ಮುಚ್ಚಿಕೊಂಡಿರುವುದು ನನಗೇನು ಹೊಸದಲ್ಲಪ್ಪಾ," ಎಂದಳು ದೊಡ್ಡಮ್ಮ, ಅವರ ತೆಲುಗಿಗಿಂತ ಸ್ಪಷ್ಟವಾದ ತೆಲುಗಿನಲ್ಲಿ.

ಮೊದಲ ರೂಮಿಗೇ ವಾಪಸು ಬಂದೆವು. ನಾನು ಏನೇನೋ ಹೇಳಿದೆ. ಆ ಕಾಲದ ಲಾಡ್ಜುಗಳೆಲ್ಲ ಈಗ ಅಂಗಡಿಗಳಾಗಿರುತ್ತವೆ, ಆಗ ನಡುವೆ ಬೇರೆ ಕಟ್ಟಡ ಇದ್ದಿರಬಹುದು, ಮರ ಇದ್ದಿರಬಹುದು. ಅವಳು ಕೇಳಿಸಿಕೊಳ್ಳಲಿಲ್ಲ. ಬಚ್ಚಲಿಗೆ ಹೋಗಿ, "ಕಕ್ಕಸು, ಸ್ನಾನ ಎರಡೂ ಒಂದಾ ಕ್ವಾಣ್ಯಾಗ, ಏನ್ ಜನಾನೋ," ಎಂದು ಗೊಣಗಿ, ನೀರು ಹೊಯ್ದು ಹೊಯ್ದು ತೊಳೆದಳು.

"ನೀ ಹೊರಗ ಹೋಗಿ ಬಾ. ನಾ ಸ್ನಾನಾ ಮಾಡಿ ನಾಳಿಗೆ ಸೀರಿ ಒಣ ಹಾಕ್ತೀನಿ."

ನಾನು ಒಬ್ಬಳೇ ಇಳಿದುಹೋದೆ. ಬಳೆಯ ಅಂಗಡಿಗಳ ದೀಪಗಳು ಹಗಲಲ್ಲೇ ಉರಿಯುತ್ತಿದ್ದವು. ಎದುರುಮನೆಯವರಿಗೆ ಬಳೆ ಕೊಳ್ಳಲು ನಿಂತೆ, ಅಳತೆ ಕೇಳಿಕೊಂಡು ಬಂದಿರಲಿಲ್ಲವೆಂದು ಗೊತ್ತಾಗಿ ಮುಂದೆ ನಡೆದೆ. ಚಾರ್‌ಮಿನಾರಿನ ಬುಡದಲ್ಲಿ ಒಂದು ಕುಟುಂಬ ತಮ್ಮ ಫೋಟೊ ತೆಗೆಯಿರೆಂದು ಫೋನು ಕೊಟ್ಟಿತು. ಅಜ್ಜಿಯಿಂದ ಹಿಡಿದು ಕೈಗೂಸಿನವರೆಗೆ ಎಲ್ಲರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಸಲು ನಾನು ಹಿಂದೆ ಹಿಂದೆ ಸರಿದೆ. ಅವರು ಖುಷಿಯಾಗಿ, "ನಿಮ್ಮದೂ ಒಂದು ತೆಗೆಯಲೇ?" ಎಂದು ಹಿಂದಿಯಲ್ಲಿ ಕೇಳಿದರು. ಬೇಡ ಎಂದೆ. ಆಮೇಲೆ ಬೇಕು ಎನ್ನಿಸುವಷ್ಟರಲ್ಲಿ ಅವರು ಜನರೊಳಗೆ ಸೇರಿಹೋಗಿದ್ದರು. ತಲೆಯೆತ್ತಿ ನೋಡಿದೆ. ಅಷ್ಟು ಹತ್ತಿರದಿಂದ ಒಂದೇ ಮಿನಾರು ಕಾಣುತ್ತಿತ್ತು.

ಬಾಳೆಹಣ್ಣು ಕೊಂಡು ರೂಮಿಗೆ ಬಂದಾಗ ಕೋಣೆ ಬೂದುಬಣ್ಣವಾಗಿತ್ತು. ಪರದೆಯ ಸರಳಿನಿಂದ ಬೀರುವಿನ ಹಿಡಿಕೆಗೆ ಹಗ್ಗ ಕಟ್ಟಿ, ಹದಿನೆಂಟು ಮೊಳದ ಸೀರೆಯನ್ನು ಮಡಿಕೆಗಳಲ್ಲಿ ಕಿಟಕಿಯ ತುಂಬ ಹರವಿದ್ದಳು. ಒದ್ದೆ ಬಟ್ಟೆಯ ಮೂಲಕ ಬೆಳಕು ಬರುತ್ತಿತ್ತು. ಮಿನಾರುಗಳಿರಲಿಲ್ಲ.

"ಆ ಕಿಟಕಿಗಂತನ ಬಂದೀವಿ ನಾವು," ಎಂದೆ. "ಸ್ವಲ್ಪ ಸರಿಸಲೇನು?"

"ಮುಟ್ಟಬ್ಯಾಡ. ಮಡಿ ಅದು."

ಮುಟ್ಟಲಿಲ್ಲ. ಅಷ್ಟು ದೂರ ಬಂದು, ಆರಿಸಿ ಆರಿಸಿ ಹಿಡಿದ ಕಿಟಕಿಯ ಮುಂದೆ ನಾವಿಬ್ಬರೂ ಅದಕ್ಕೆ ಬೆನ್ನು ಮಾಡಿ ಕೂತೆವು. ಅವಳು ನೆಲದ ಮೇಲೆ, ಚಾಪೆಯಲ್ಲಿ. ನಾನು ಮಂಚದ ಮೇಲೆ. ಅವಲಕ್ಕಿ ಮೊಸರು ಕಲಸಿ ನನ್ನ ತಟ್ಟೆಗೆ ಮೇಲಿನಿಂದ ಹಾಕಿದಳು.

"ಸುಳ್ಳಾತು ಬಿಡು," ಎಂದಳು. ದನಿಯಲ್ಲಿ ಅಳು ಇರಲಿಲ್ಲ. "ಇಲ್ಲಿನ ಆಕಿ ಹ್ಯಾಂಗಿದ್ಳೋ ಏನೋ. ನನಗ ಮೊದಲಿಂದ ಅನಸ್ತದ, ಆಕಿ ಕುಳ್ಳಿ. ಬಾಯಿ ಜೋರು. ಒಗ್ಯಾಣ ಮಾತ್ರ ಬರಂಗಿಲ್ಲ ಆಕಿಗೆ. ಅವರ ಪಂಚಿ ನೋಡಿದ್ರ ಗೊತ್ತಾಗ್ತಿತ್ತು, ಒಂಥರಾ ಮುಗ್ಗಿದ ವಾಸನಿ. ಬಿಸಿಲಿಗೆ ಹಾಕಬೇಕಂತ ತಿಳೀತಿರಲಿಲ್ಲೇನೋ, ಮೈಗಳ್ಳಿ."

ಇಷ್ಟು ವರ್ಷ ಅವಳು ಆ ಹೆಂಗಸಿನ ಜೊತೆ ಎಷ್ಟು ಹೊತ್ತು ಕಳೆದಿದ್ದಳೆಂದು ನನಗೆ ಆಗ ಹೊಳೆಯಿತು. ಎತ್ತರ, ದನಿ, ಸೋಮಾರಿತನ ಎಲ್ಲವನ್ನೂ ಕೊಟ್ಟಿದ್ದಳು.

"ಆದ್ರ ಕಾಮಾಲಿ ಆದಾಗ ಆಕೀನ ನೋಡ್ಕೊಂಡಿರ್ತಾಳ," ಎಂದಳು ಎದ್ದು ಕೈತೊಳೆಯುತ್ತ. "ಪಥ್ಯದ ಅನ್ನಾ, ಮಜ್ಜಗಿ. ಅದೊಂದು ಮಾಡಿದ್ಳು, ಪಾಪ."

ಬೆಳಗ್ಗೆ ನನಗೆ ಎಚ್ಚರವಾದಾಗ ಅವಳ ಸ್ನಾನ ಆಗಿತ್ತು. ಒದ್ದೆ ಸೀರೆಯಲ್ಲೇ ನಿಂತು, ಒಣಗಿದ ಮಡಿ ಸೀರೆಯನ್ನು ಹಗ್ಗದ ಒಂದು ತುದಿಯಿಂದ ಎಳೆದು ಕೈಮೇಲೆ ಸೇರಿಸಿಕೊಳ್ಳುತ್ತಿದ್ದಳು. ಸೀರೆ ಸರಿದಂತೆ ಕಿಟಕಿಯ ಬಲಗಡೆಯಿಂದ ಬೆಳಗಿನ ಬಿಳಿ ಆಕಾಶ, ಅದರಲ್ಲಿ ಒಂದು ಮಿನಾರು. ಇನ್ನಷ್ಟು ಎಳೆದಳು, ಸಣ್ಣದೊಂದು. ಮತ್ತೊಂದು ಸಣ್ಣದು. ಅಲ್ಲಿಗೆ ಕೈ ನಿಂತಿತು.

ಇದು ಹೀಗೇ ಆಯಿತೇ? ಒಂದೊಂದಾಗಿ ಬಂದವೇ? ಬರೆಯುವಾಗ ಚೆನ್ನಾಗಿ ಬರುತ್ತದೆಂದು ನಾನೇ ಒಂದೊಂದಾಗಿ ತಂದೆನೇ? ಖಚಿತವಾಗಿ ಹೇಳಬಲ್ಲುದು ಇಷ್ಟೇ: ಅವಳು ನಿಲ್ಲಿಸಿದಾಗ, ಹಗ್ಗದ ಮೇಲೆ ಉಳಿದಿದ್ದ ಸೀರೆಯ ಅಗಲ ಒಂದು ಪಂಚೆಯಷ್ಟಿತ್ತು. ಅದರ ಹಿಂದೆ ನಾಲ್ಕನೆಯದು ಮರೆಯಾಗಿತ್ತು.

ಅವಳು ಮಿನಾರುಗಳನ್ನು ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಮುಖದ ಹತ್ತಿರ ಹಿಡಿದಿದ್ದಳು. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಅದಾ ವಾಸನಿ," ಎಂದಳು.

"ಯಾವುದು?"

"ಅವರ ಪಂಚೀದು. ಒಳಗ ಒಣಗಿದ್ದು." ಸೀರೆಯನ್ನು ನನ್ನ ಕಡೆ ಚಾಚಲು ಹೋಗಿ, ಮಡಿ ಎಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡಳು. "ಆ ಪಂಚಿ ಆಕಿ ಒಗದದ್ದಲ್ಲ. ಮನಿ ಇದ್ರ, ಹೆಂಗಸಿದ್ರ, ಒಂದು ಅಂಗಳಾನೋ ಮಾಳಗೀನೋ ಇರತದ. ಬಿಸಿಲಿಗೆ ಹಾಕ್ತಾರ. ರೂಮಿನಾಗ ಒಬ್ಬರಾ ಇದ್ರು. ಹೊರಗ ಹಾಕಿದ್ರ ಯಾರರ ಮುಟ್ಟತಾರಂತ ಒಳಗ, ಕಿಟಕಿಗೆ, ಕಣ್ಣ ಮುಂದ ಹಾಕ್ಕೋತಿದ್ರು." ಆಮೇಲೆ ತಲೆಯೆತ್ತಿ ಕಿಟಕಿ ನೋಡಿದಳು. ಬೆರಳು ಆಡಿಸದೆ, ತುಟಿಯಲ್ಲೇ ಎಣಿಸಿದಳು. "ಅದಕ್ಕ ಮೂರು."

ನನಗೆ ಹೇಳಬೇಕೆನ್ನಿಸಿತು, ಇದು ಅವರ ರೂಮಲ್ಲ, ಅವರ ಕಿಟಕಿ ಎಷ್ಟಗಲವಿತ್ತೋ ಗೊತ್ತಿಲ್ಲ, ಹಗ್ಗವನ್ನು ಒಂದು ಗೇಣು ಸರಿಸಿದರೆ ಎರಡಾಗುತ್ತವೆ, ಪೂರ್ತಿ ತೆಗೆದರೆ ನಾಲ್ಕು. ಮಿನಾರುಗಳ ಬಗ್ಗೆ ನಾನು ವಾದ ಮಾಡಬಹುದಿತ್ತು. ಆ ವಾಸನೆಯ ಬಗ್ಗೆ ಮಾಡುವಂತಿರಲಿಲ್ಲ. ಬಾವಿಕಟ್ಟೆಯ ಮೇಲೆ ಮತ್ತೆ ಮತ್ತೆ ಒಗೆದವಳು ಅವಳು.

"ಆತಲ್ಲ ದೊಡ್ಡಮ್ಮ," ಎಂದೆ. "ಆ ಹೆಂಗಸು ಇರಲೇ ಇಲ್ಲ. ಎಮ್ಮಿಗನೂರಿನಾಕಿ ಹೇಳಿದ್ದು ಸುಳ್ಳು."

ಅವಳು ಸಂತೋಷಪಡುತ್ತಾಳೆಂದು ಕಾದೆ. ಅವಳು ಸೀರೆಯನ್ನು ಎದೆಗೆ ಅವುಚಿಕೊಂಡು ಹಾಗೇ ನಿಂತಿದ್ದಳು. ಮೈಮೇಲಿನ ಒದ್ದೆ ಸೀರೆಯಿಂದ ನೀರು ತೊಟ್ಟಿಕ್ಕಿ ಹೋಟೆಲಿನ ನೆಲದ ಮೇಲೆ ಸಣ್ಣ ಮಡುವಾಗಿತ್ತು.

"ಆಕಿ ಇರಲೇ ಇಲ್ಲಂದ್ರ," ಎಂದಳು, "ಕಾಮಾಲಿ ಆದಾಗ ನೀರು ಯಾರು ಕೊಟ್ರು?"

ನಾನು ಮಂಚದಿಂದ ಇಳಿದೆ. ಅವಳ ಹೆಗಲ ಮೇಲೆ ಕೈಯಿಡುವಷ್ಟು ಹತ್ತಿರ ಹೋದೆ. ನನ್ನ ಸ್ನಾನ ಆಗಿರಲಿಲ್ಲ.

"ಅಲ್ಲೇ ನಿಲ್ಲು," ಎಂದಳು. ಕಠಿಣವಾಗಿ ಅಲ್ಲ, ರೂಢಿಯಂತೆ. ನಾನು ಅಲ್ಲೇ ನಿಂತೆ.

"ಒಂದು ತಂಬಿಗಿ ನೀರು ಕೊಡೋರಿಲ್ಲದ," ಎಂದಳು. "ಎರಡು ತಿಂಗಳು. ನಾ ಊರಾಗ ಆಕೀಗೆ ಶಾಪಾ ಹಾಕ್ಕೋತ ಕೂತಿದ್ದೆ."

ಅವಳು ನಾಲ್ಕನೆಯ ಮಿನಾರಿನ ಮುಂದೆ ಉಳಿದಿದ್ದ ಸೀರೆಯನ್ನೂ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ. ಎಳೆಯಲಿಲ್ಲ. ಕೈಯಲ್ಲಿದ್ದುದನ್ನು ಮಡಿಕೆ ಮಾಡಿ ಅಲ್ಲೇ ಮತ್ತೆ ಹಗ್ಗದ ಮೇಲೆ ಹಾಕಿದಳು, ಅಗಲ ಹೆಚ್ಚಾಗದಂತೆ ಕೈಯಿಂದ ಸರಿಮಾಡಿ. ಚೀಲದಿಂದ ಇನ್ನೊಂದು ಸೀರೆ ತೆಗೆದುಕೊಂಡಳು, ಮಡಿಯಲ್ಲದ್ದು.

"ಚಾರ್‌ಮಿನಾರ್ ನೋಡಾಕ ಹೋಗೂಣು?" ಎಂದೆ. "ಇಳಿದ್ರ ಅಲ್ಲೇ ಅದ."

"ನೀ ನಿನ್ನೆ ನೋಡಿದೆಲ್ಲ. ನನಗ ಇಲ್ಲಿಂದನ ಸಾಕು. ಎಷ್ಟೊತ್ತಿನ ತನಕ ಅದ ನಮಗ ಈ ರೂಮು?"

"ಮಧ್ಯಾಹ್ನದ ತನಕ."

"ಹಂಗಾರ ಬಾಗಲಾ ಮುಂದ ಮಾಡ್ಕೊಂಡು ಹೊರಗಿರು. ನಾ ಸ್ವಲ್ಪ ಒಬ್ಬಾಕೀನ ಕೂಡ್ತೀನಿ."

ಮುಖ ತೊಳೆದು ಚೀಲ ಹಿಡಿದು ಹೊರಗೆ ಬಂದೆ. ವರಾಂಡದಲ್ಲಿ ಕೂರಲು ಏನೂ ಇರಲಿಲ್ಲ. ಲಿಫ್ಟಿಗೆ ಅಡ್ಡ ಇಟ್ಟಿದ್ದ ಕುರ್ಚಿಯನ್ನು ತಂದು ಬಾಗಿಲ ಎದುರಿಗೆ ಹಾಕಿಕೊಂಡು ಕೂತೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಮನೆಯಲ್ಲಾದರೆ ಗೋಡೆಯಾಚೆ ಪಾತ್ರೆಯ ಸದ್ದು, ಕೆಮ್ಮು, ದೇವರನಾಮ ಏನಾದರೂ ಇರುತ್ತದೆ. ಅದನ್ನು ಕೇಳಿಸಿಕೊಳ್ಳುತ್ತೇನೆಂದೇ ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಹತ್ತಿರವಾದಾಗ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರು. ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು.

"ಅಮ್ಮ ಒಳಗೆ ಒಬ್ಬರೇ ಇದ್ದಾರಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಏನೋ ಆಗಿದೆಯೆಂದು ಹೆದರಿದ್ದರೇನೋ.

ಹೌದು ಎಂದೆ.

"ಮೂರು ಸಿಕ್ಕವಾ?"

ಅದಕ್ಕೂ ಹೌದು ಎಂದೆ. ಅವರು ಕನ್ನಡಕ ತೆಗೆದು ಎದೆಯ ಮೇಲೆ ಇಳಿಬಿಟ್ಟು, ಇನ್ನರ್ಧ ತಾಸು ಇದ್ದರೂ ಪರವಾಗಿಲ್ಲ ಎಂದು ಹೇಳಿ, ಮೆಲ್ಲನೆ ಕೆಳಗಿಳಿದರು. ನಾನು ಎದ್ದು ಬಾಗಿಲು ತಟ್ಟಲು ಕೈಯೆತ್ತಿದೆ. ಆಮೇಲೆ ಕುರ್ಚಿಯ ಪಕ್ಕದಲ್ಲಿಟ್ಟಿದ್ದ ನನ್ನ ನೀರಿನ ಬಾಟಲಿ ಕಣ್ಣಿಗೆ ಬಿತ್ತು. ಅವಳು ಮಡಿ ಸೀರೆ ಉಟ್ಟಿರಲಿಲ್ಲ. ಬಾಟಲಿಯನ್ನು ಕೈಗೆ ತೆಗೆದುಕೊಂಡು ಬಾಗಿಲು ತಟ್ಟಿ, "ದೊಡ್ಡಮ್ಮ, ನೀರು ಬೇಕೇನು?" ಎಂದು ಕೇಳಿದೆ.

ಒಳಗೆ ಚಾಪೆ ಸರಿದ ಸದ್ದಾಯಿತು.

"ತಾ," ಎಂದಳು.